ಕಾಡಿನ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ: ಹೊರಡುವ ಮೊದಲಿನಿಂದ ಡಿಕ್ಕಿಯಾದ ನಂತರದವರೆಗೆ

ಕಾಡಿನ ರಸ್ತೆಯಲ್ಲಿ ಪ್ರಾಣಿಗೆ ಗುದ್ದಿದವರೆಲ್ಲ ಹೇಳುವುದು ಒಂದೇ ಮಾತು: "ಇದ್ದಕ್ಕಿದ್ದಂತೆ ಅಡ್ಡ ಬಂತು." ನಾನೂ ಹಾಗೇ ಹೇಳಿದ್ದೆ. ಗುಂಡ್ಲುಪೇಟೆ ದಾಟಿ ಊಟಿ ಕಡೆಗೆ ಹೋಗುತ್ತಿದ್ದಾಗ, ಸಂಜೆ ಆರೂವರೆ ಹೊತ್ತಿಗೆ, ಎರಡು ಜಿಂಕೆ ರಸ್ತೆ ದಾಟಿದ್ದನ್ನು ಕಣ್ಣಾರೆ ಕಂಡೆ. ಸದ್ಯ ದಾಟಿದವಲ್ಲ ಅಂದುಕೊಂಡು ಮತ್ತೆ ಆಕ್ಸಿಲರೇಟರ್ ಒತ್ತಿದೆ. ಮೂರನೆಯದು ಬಂಪರಿಗೆ ಬಡಿಯಿತು. ಚರಂಡಿಯ ಅಂಚಿನಲ್ಲಿ ಬಿದ್ದಿದ್ದ ಆ ಹೆಣ್ಣು ಜಿಂಕೆಯ ಹಿಂಗಾಲು ಮಣ್ಣು ಕೆರೆಯುತ್ತಲೇ ಇತ್ತು. ನಾನು ಹತ್ತಿರ ಹೋದಂತೆ ಅದರ ಒಂದು ಕಿವಿ ಮಾತ್ರ ನನ್ನ ಹೆಜ್ಜೆ ಸದ್ದಿನ ಕಡೆಗೆ ಹೊರಳಿತು. ನೀರಿನ ಬಾಟಲಿ ತಂದು ಬಾಯಿಗೆ ಹನಿಸಲು ಹೋದೆ. ಅದೂ ತಪ್ಪು ಅಂತ ಗೊತ್ತಾಗಿದ್ದು ಅರಣ್ಯ ಇಲಾಖೆಯ ವಾಚರ್ ಬಂದು ನನ್ನ ಕೈ ಹಿಡಿದು ಹಿಂದೆ ಎಳೆದಾಗ.

ಆಮೇಲಿನ ವರ್ಷಗಳಲ್ಲಿ ಅದೇ ಎರಡು ತಪ್ಪನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಮೊದಲ ಪ್ರಾಣಿ ದಾಟಿದ ಕೂಡಲೇ ಮುಂದೆ ಹೋಗುವುದು ಒಂದು, ಗುದ್ದಿದ ಮೇಲೆ ಗಾಬರಿಯಲ್ಲಿ ಮಾಡಬಾರದ್ದನ್ನು ಮಾಡುವುದು ಇನ್ನೊಂದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಕುದುರೆಮುಖ, ಚಾರ್ಮಾಡಿ, ಆಗುಂಬೆ, ದಾಂಡೇಲಿ ಕಡೆ ಸ್ವಂತ ಗಾಡಿಯಲ್ಲಿ ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ. ಇಲ್ಲಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

## ಹಂತ 1: ಹೊತ್ತು ನೋಡಿಕೊಂಡು ಹೊರಡಿ

ಮನೆ ಬಿಡುವ ಮೊದಲು ಲೆಕ್ಕ ಹಾಕಬೇಕಾದ್ದು ಕಾಡಿನ ಗೇಟನ್ನು ಎಷ್ಟು ಗಂಟೆಗೆ ತಲುಪುತ್ತೀರಿ ಎಂಬುದನ್ನು. ಊರು ತಲುಪುವ ಹೊತ್ತಿನ ಲೆಕ್ಕ ಆಮೇಲೆ.

ಬಂಡೀಪುರದ ಒಳಗೆ ಹಾದುಹೋಗುವ ಎರಡು ಹೆದ್ದಾರಿಗಳಲ್ಲಿ, ಅಂದರೆ ಸುಲ್ತಾನ್ ಬತ್ತೇರಿ ಕಡೆಗಿನ 766 ಮತ್ತು ಊಟಿ ಕಡೆಗಿನ 181ರಲ್ಲಿ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶ ಇದು. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮೈಸೂರಿನಿಂದ ನಾಗರಹೊಳೆ ಕಾಡಿನ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವವರು ಗಡಿಯಾಚೆ ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧ ಇದೆ ಎಂಬುದನ್ನು ಮರೆಯಬಾರದು. ವಯನಾಡಿಗೆ ರಾತ್ರಿಯೇ ಹೋಗಲೇಬೇಕಾದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗ ಹಿಡಿಯಿರಿ.

ಇಲ್ಲಿ ಹೆಚ್ಚಿನವರು ಎಡವುವುದು ಗೇಟು ಹಾಕುವ ಮುಂಚಿನ ಅರ್ಧ ಗಂಟೆಯಲ್ಲಿ. ಎಂಟೂವರೆಗೆ ಗುಂಡ್ಲುಪೇಟೆಯಲ್ಲಿ ಇರುತ್ತಾರೆ, "ಒಂಬತ್ತರೊಳಗೆ ನುಗ್ಗಿಬಿಡೋಣ" ಅಂತ ಹೊರಡುತ್ತಾರೆ. ಹೊರಗೆ ಪೂರ್ತಿ ಕತ್ತಲೆ, ಪ್ರಾಣಿಗಳು ಓಡಾಡುವ ಹೊತ್ತು, ಎಲ್ಲರಿಗೂ ಅವಸರ. ಬೆಳಗ್ಗೆ 6ಕ್ಕೆ ಗೇಟು ತೆಗೆದ ಕೂಡಲೇ ಸಾಲಾಗಿ ನುಗ್ಗುವುದೂ ಇದೇ ಕಥೆ. ರಾತ್ರಿಯಿಡೀ ಗಾಡಿ ಇಲ್ಲದ ರಸ್ತೆಯ ಮೇಲೆ ಪ್ರಾಣಿಗಳು ಇನ್ನೂ ನಿಂತೇ ಇರುತ್ತವೆ. ಎಂಟು ಗಂಟೆಯೊಳಗೆ ಗೇಟು ಸೇರಲಾಗದಿದ್ದರೆ ಆ ರಾತ್ರಿ ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ಉಳಿದುಬಿಡಿ. ಬೆಳಗ್ಗೆ ಏಳರ ಮೇಲೆ ಹೊರಡಿ.

ಕಾಲವನ್ನೂ ಗಮನಿಸಿ. ಫೆಬ್ರವರಿಯಿಂದ ಮೇ ತನಕ ನೀರು ಹುಡುಕಿಕೊಂಡು ಪ್ರಾಣಿಗಳು ಪದೇ ಪದೇ ರಸ್ತೆ ದಾಟುತ್ತವೆ. ಮೊದಲ ಮಳೆ ಬಿದ್ದ ವಾರದೊಳಗೆ ರಸ್ತೆ ಬದಿಯ ಗಿಡ ಸವರಿದ ಪಟ್ಟಿಯಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆಗಳು ಅಲ್ಲೇ ಮೇಯುತ್ತವೆ. ಮಲೆನಾಡು, ಕೊಡಗಿನಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಆನೆ ತೋಟದ ರಸ್ತೆಗೇ ಬರುತ್ತದೆ. ಘಾಟಿಗಳಲ್ಲಿ ಮಳೆ ರಾತ್ರಿ ಎಂದರೆ ಕಪ್ಪೆಗಳು ಡಾಂಬರಿನ ತುಂಬಾ ಇರುತ್ತವೆ, ಅವುಗಳ ಹಿಂದೆ ಹಾವುಗಳು.

## ಹಂತ 2: ಗಾಡಿ ಮತ್ತು ಸಾಮಾನು

ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಹೊರಗೆ ಎಲ್ಲರೂ ಒರೆಸುತ್ತಾರೆ. ಒಳಗಿನ ಜಿಡ್ಡು ಎದುರು ಗಾಡಿಯ ಬೆಳಕು ಬಿದ್ದಾಗ ಬಿಳಿ ಪರದೆಯಂತೆ ಹರಡಿ, ಅದರ ಹಿಂದಿರುವುದು ಏನೂ ಕಾಣದಂತೆ ಮಾಡುತ್ತದೆ. ಹೆಡ್‌ಲೈಟಿನ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ. ಡಿಮ್ ದೀಪದ ಬೆಳಕು ರಸ್ತೆಯ ಎಡ ಅಂಚಿಗೆ ಬೀಳುವಂತೆ ಹೊಂದಿಸಿ. ಟೈರು, ವೈಪರ್, ಬ್ರೇಕು ನೋಡಿಕೊಳ್ಳಿ.

ಗಾಡಿಯಲ್ಲಿ ಇರಬೇಕಾದವು: ಒಳ್ಳೆಯ ಟಾರ್ಚು, ದಪ್ಪ ಹತ್ತಿ ಬಟ್ಟೆ ಅಥವಾ ಹಳೆಯ ಬೆಡ್‌ಶೀಟು, ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬ, ದಪ್ಪ ಕೈಗವಸು, ಸೋಪು, ನೀರು, ಪೆನ್ನು ಮತ್ತು ಕಾಗದ. ಕಾಗದ ಯಾಕೆಂದರೆ, ಕಾಡಿನೊಳಗೆ ನೆಟ್‌ವರ್ಕ್ ಸಿಗದ ಕಡೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ನೆನಪಿನಲ್ಲಿ ಉಳಿಯುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಸಂಖ್ಯೆ 112. ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

ಗೇಟು ಹೊಕ್ಕುವ ಮೊದಲು ಶೌಚ, ತಿಂಡಿ, ಪೆಟ್ರೋಲು ಎಲ್ಲ ಮುಗಿಸಿ. ಮಕ್ಕಳಿದ್ದರೆ ಮುಂದಿನ ಒಂದು ಗಂಟೆ ಗಾಡಿ ನಿಲ್ಲಿಸುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಕಾಡಿನೊಳಗೆ ಗಾಡಿ ನಿಲ್ಲಿಸುವ ಪ್ರಸಂಗಗಳಲ್ಲಿ ಎಷ್ಟೋ ಪಾಲು ಇಲ್ಲಿಂದಲೇ ಶುರುವಾಗುತ್ತವೆ.

## ಹಂತ 3: ನಿಮ್ಮ ದೀಪ ಎಷ್ಟು ದೂರವೋ ಅಷ್ಟೇ ವೇಗ

ಇಡೀ ಬರಹದಲ್ಲಿ ಒಂದನ್ನೇ ಓದುವಷ್ಟು ಪುರಸೊತ್ತಿದ್ದರೆ ಈ ಹಂತ ಓದಿ.

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಏನೋ ಕಂಡಿತು ಅಂತ ಮನಸ್ಸಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆ. ಅಷ್ಟರಲ್ಲೇ 25 ಮೀಟರ್ ಹೋಗಿಬಿಟ್ಟಿರುತ್ತೀರಿ. ಆಮೇಲೆ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ ಸುಮಾರು 20 ಮೀಟರ್. ಒಟ್ಟು 45. ಗಂಟೆಗೆ 80ರಲ್ಲಿ ಇದೇ ಲೆಕ್ಕ 70 ಮೀಟರ್ ಹತ್ತಿರ ಹೋಗುತ್ತದೆ. ಗಂಟೆಗೆ 40ರಲ್ಲಿ ಸುಮಾರು 26 ಮೀಟರ್ ಸಾಕು.

ಡಿಮ್ ದೀಪದಲ್ಲಿ ಪ್ರಾಣಿಯ ಆಕಾರ ಗುರುತು ಸಿಗುವುದು 40ರಿಂದ 50 ಮೀಟರ್ ಒಳಗೆ. ಹಾಗಾಗಿ 80ರಲ್ಲಿ ಹೋಗುವವರು ತಮಗೆ ಕಾಣದ ರಸ್ತೆಯ ಮೇಲೆ ಓಡಿಸುತ್ತಿದ್ದಾರೆ. ಕಂಡ ಹೊತ್ತಿಗೆ ಏನು ಮಾಡಿದರೂ ತಡವಾಗಿರುತ್ತದೆ. ಇನ್ನೊಂದು ರೀತಿ ನೋಡಿ: 26 ಮೀಟರ್ ದೂರದಲ್ಲಿ ಒಂದು ಕಡವೆ ರಸ್ತೆಗೆ ಕಾಲಿಟ್ಟಿತು. 40ರಲ್ಲಿ ಬಂದವರು ಅದರ ಎದುರಿಗೆ ನಿಂತುಬಿಡುತ್ತಾರೆ. 60ರಲ್ಲಿ ಬಂದವರ ಕಾಲು ಆ ಜಾಗ ತಲುಪುವಾಗ ಆಗಷ್ಟೇ ಬ್ರೇಕಿನ ಮೇಲೆ ಬಿದ್ದಿರುತ್ತದೆ, ಡಿಕ್ಕಿಯಾಗುವುದು ಹೆಚ್ಚುಕಡಿಮೆ ಅದೇ 60ರ ವೇಗದಲ್ಲಿ.

ಲೆಕ್ಕ ಬೇಡ ಅನ್ನುವವರಿಗೆ ಒಂದು ಉಪಾಯ. ಮುಂದೆ ಒಂದು ಮರದ ಬುಡ ನಿಮ್ಮ ದೀಪಕ್ಕೆ ಮೊದಲು ಕಂಡಾಗ ಎಣಿಸಲು ಶುರುಮಾಡಿ: ಸಾವಿರದ ಒಂದು, ಸಾವಿರದ ಎರಡು, ಹೀಗೆ. ನಾಲ್ಕು ಎಣಿಸುವ ಮೊದಲೇ ಅದನ್ನು ದಾಟಿದರೆ ವೇಗ ಹೆಚ್ಚಾಗಿದೆ. ಮಳೆಯಲ್ಲಿ, ಮಂಜಿನಲ್ಲಿ ಕಾಣುವ ದೂರವೇ ಕಡಿಮೆ, ಆದ್ದರಿಂದ ಇದೇ ಎಣಿಕೆ ತಾನಾಗಿ ನಿಮ್ಮನ್ನು ನಿಧಾನ ಮಾಡಿಸುತ್ತದೆ. ಫಲಕದಲ್ಲಿ ಇದಕ್ಕಿಂತ ಕಡಿಮೆ ಮಿತಿ ಬರೆದಿದ್ದರೆ ಅದೇ ಮಿತಿ.

"ಹೀಗೆ ಹೋದರೆ ಯಾವಾಗ ತಲುಪುವುದು?" ಅಂತ ಕೇಳುತ್ತಾರೆ. 20 ಕಿ.ಮೀ. ಕಾಡನ್ನು 60ರಲ್ಲಿ ದಾಟಲು 20 ನಿಮಿಷ, 40ರಲ್ಲಿ ದಾಟಲು 30 ನಿಮಿಷ. ವ್ಯತ್ಯಾಸ ಹತ್ತೇ ನಿಮಿಷ. ಗೇಟಿನಾಚೆ ಟೀ ಕುಡಿಯಲು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಎಚ್ಚರಿಕೆಯ ಸೂಚನೆ: ಹಂಪ್ ಬಂದಾಗ ಬ್ರೇಕು, ಹಂಪ್ ದಾಟಿದೊಡನೆ ರೇಸು ಮಾಡುತ್ತಿದ್ದೀರಾ? ಹಾಗಾದರೆ ಹಂಪ್ ಯಾಕೆ ಹಾಕಿದ್ದಾರೆ ಅನ್ನುವುದನ್ನೇ ಮರೆತಿದ್ದೀರಿ. ಹಂಪ್ ಇರುವುದು ಸಾಮಾನ್ಯವಾಗಿ ಪ್ರಾಣಿ ದಾಟುವ ಜಾಗದ ಆಸುಪಾಸಿನಲ್ಲಿ.

## ಹಂತ 4: ಎಲ್ಲಿ ನೋಡಬೇಕು, ಏನನ್ನು ನೋಡಬೇಕು

ಹೊಸಬರು ರಸ್ತೆಯ ನಡುವನ್ನೇ ದಿಟ್ಟಿಸುತ್ತಾರೆ. ಪ್ರಾಣಿ ಬರುವುದು ಬದಿಯಿಂದ. ಕಣ್ಣು ಎಡ ಅಂಚು, ನಡು, ಬಲ ಅಂಚು ಅಂತ ಸುತ್ತುತ್ತಿರಲಿ. ಪಕ್ಕದಲ್ಲಿ ಕೂತವರು ಫೋನು ಬಿಟ್ಟು ಎಡಬದಿಯನ್ನು ನೋಡಿಕೊಳ್ಳಲಿ. ನಮ್ಮ ಮನೆಯಲ್ಲಿ ಈಗ ಆ ಕೆಲಸ ಮಗಳದು. "ಅಪ್ಪ, ಎಡಕ್ಕೆ ಎರಡು ಕಣ್ಣು" ಅನ್ನುತ್ತಾಳೆ, ನಾನು ಕಾಲು ತೆಗೆಯುತ್ತೇನೆ.

ಕಣ್ಣಿನ ಹೊಳಪು ಒಳ್ಳೆಯ ಸೂಚನೆ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಜಿಂಕೆ, ಕಡವೆ, ಚಿರತೆ, ಪುನುಗು ಬೆಕ್ಕು, ಮೊಲ ಇವುಗಳ ಕಣ್ಣು ನಿಮ್ಮ ಕಡೆ ತಿರುಗಿದ್ದರೆ ದೀಪಕ್ಕೆ ಚೆನ್ನಾಗಿ ಹೊಳೆಯುತ್ತದೆ. ತಲೆ ತಗ್ಗಿಸಿ ಮೇಯುತ್ತಿದ್ದರೆ ಏನೂ ಕಾಣದು. ಕಾಟಿಯ, ಅಂದರೆ ಕಾಡುಕೋಣದ, ಮೈ ಡಾಂಬರಿನ ಬಣ್ಣವೇ. ಅದು ಅಡ್ಡ ನಿಂತಿದ್ದರೆ ಮೊದಲು ಕಣ್ಣಿಗೆ ಬೀಳುವುದು ಕಾಲುಚೀಲ ಹಾಕಿದಂತೆ ಮೊಣಕಾಲಿನಿಂದ ಕೆಳಗೆ ಬೆಳ್ಳಗಿರುವ ನಾಲ್ಕು ಕಾಲು, ನೆಲದ ಮೇಲೆ ತೇಲಿದ ಹಾಗೆ. ಆನೆಯದು ಅದೂ ಇಲ್ಲ, ಕತ್ತಲೆಯೇ ಒಂದು ಕಡೆ ಗಟ್ಟಿಯಾದಂತೆ ಕಾಣುತ್ತದೆ. ಎದುರು ಗಾಡಿಯ ದೀಪ ಕಾಣುತ್ತಿದ್ದದ್ದು ಹಠಾತ್ತನೆ ಮರೆಯಾಗಿ ಮತ್ತೆ ಕಂಡರೆ, ನಡುವೆ ಏನೋ ದೊಡ್ಡದು ದಾಟಿದೆ ಅಂತಲೇ ತಿಳಿಯಿರಿ. ಹಂಪಿ, ದರೋಜಿ ಸೀಮೆಯಲ್ಲಿ ಕರಡಿಯೂ ಹೀಗೇ ಕತ್ತಲಲ್ಲಿ ಕರಗಿಹೋಗಿರುತ್ತದೆ, ಕೆಲವೊಮ್ಮೆ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು.

ಡಾಂಬರಿನ ಮೇಲೆ ಹಸಿ ಲದ್ದಿ, ಮುರಿದುಬಿದ್ದ ಬಿದಿರು, ಎದುರಿನಿಂದ ಬರುವವರು ದೀಪ ಮಿಟುಕಿಸುವುದು, ಮಂಗಗಳ ಅಥವಾ ಜಿಂಕೆಗಳ ಎಚ್ಚರಿಕೆಯ ಕೂಗು: ಇವು ಯಾವುದಿದ್ದರೂ ವೇಗವನ್ನು ಅರ್ಧಕ್ಕಿಳಿಸಿ. ಸಕಲೇಶಪುರ, ಆಲೂರು, ಕೊಡಗಿನ ಕೆಲವು ಕಡೆ ಆನೆ ಸಂಚಾರದ ಎಚ್ಚರಿಕೆ ತೋರಿಸುವ ಡಿಜಿಟಲ್ ಫಲಕಗಳಿವೆ. ಹಳೆಯ ಸುದ್ದಿ ಇರಬಹುದು ಅಂತ ಕಡೆಗಣಿಸಬೇಡಿ.

ಸಣ್ಣವುಗಳ ವಿಷಯ ಯಾರೂ ಹೇಳುವುದಿಲ್ಲ. ಸಂಜೆ ಹೊತ್ತು ಬಿಸಿ ಉಳಿದಿರುವ ಡಾಂಬರಿನ ಮೇಲೆ ಹಾವುಗಳು ಮಲಗುತ್ತವೆ. ದೂರದಿಂದ ಕೋಲಿನಂತೆ, ಹರಿದ ಟೈರಿನಂತೆ ಕಾಣುತ್ತವೆ. ಕೋಲಿನಂತೆ ಕಂಡದ್ದನ್ನೆಲ್ಲ ಹಾವೆಂದೇ ಭಾವಿಸಿ. ಚಿಪ್ಪುಹಂದಿ, ಕಾಡುಪಾಪ, ಆಮೆ ಓಡಿ ತಪ್ಪಿಸಿಕೊಳ್ಳುವ ಜಾತಿಗಳಲ್ಲ. ಚಿಪ್ಪುಹಂದಿ ಅಪಾಯ ಕಂಡರೆ ಇದ್ದಲ್ಲೇ ಉಂಡೆಯಾಗಿಬಿಡುತ್ತದೆ.

## ಹಂತ 5: ಪ್ರಾಣಿ ಕಂಡ ಕ್ಷಣದಲ್ಲಿ

ಕ್ರಮ ಮುಖ್ಯ. ಮನೆಯಲ್ಲಿ ಕೂತಾಗಲೇ ಎರಡು ಸಲ ಮನಸ್ಸಿನಲ್ಲಿ ಓಡಿಸಿ ನೋಡಿ.

1. ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲಿಡಿ. ಕನ್ನಡಿ ನೋಡಿ. ಹಿಂದೆ ಲಾರಿ ಅಂಟಿಕೊಂಡು ಬರುತ್ತಿದ್ದರೆ ಬೇಗನೇ, ಮೆಲ್ಲಗೆ ಒತ್ತಲು ಶುರುಮಾಡಿ.

2. ಸ್ಟೀರಿಂಗ್ ನೇರ ಹಿಡಿಯಿರಿ. ಮೊಲ, ನವಿಲು, ಹಂದಿ ತಪ್ಪಿಸಲು ಗಕ್ಕನೆ ತಿರುಗಿಸಿ ಮರಕ್ಕೋ ಎದುರು ಗಾಡಿಗೋ ಗುದ್ದಿದವರಿದ್ದಾರೆ. ಎಬಿಎಸ್ (ಚಕ್ರ ಬಿಗಿದು ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆ) ಇದ್ದರೆ ಪೂರ್ತಿ ಒತ್ತಿ ಹಿಡಿಯಿರಿ, ಪೆಡಲ್ ನಡುಗಿದರೆ ಹೆದರಿ ಬಿಡಬೇಡಿ. ಬೈಕಿನವರು ಎರಡೂ ಬ್ರೇಕು ಒಟ್ಟಿಗೆ ಬಳಸಿ.

3. ಹೈಬೀಮ್ ಇದ್ದರೆ ಡಿಮ್ ಮಾಡಿ. ಕಣ್ಣಿಗೆ ನೇರ ಬೆಳಕು ಬಿದ್ದ ಪ್ರಾಣಿ ದಿಕ್ಕು ಕಾಣದೆ ನಿಂತಲ್ಲೇ ನಿಲ್ಲುತ್ತದೆ. ಮೊಲವಂತೂ ಬೆಳಕಿನ ಪಟ್ಟಿಯೊಳಗೇ ಅತ್ತಿತ್ತ ಓಡುತ್ತದೆ, ಪಕ್ಕಕ್ಕೆ ಜಿಗಿಯುವುದಿಲ್ಲ. ಗಾಡಿ ನಿಧಾನ ಮಾಡಿ ಒಂದು ಕ್ಷಣ ಬೆಳಕು ಇಳಿಸಿ, ಅದಕ್ಕೆ ಅಂಚು ಕಾಣುತ್ತದೆ.

4. ಹಜಾರ್ಡ್ ದೀಪ ಹಾಕಿ, ಹಿಂದಿನವರಿಗೆ ಗೊತ್ತಾಗಲಿ. ಹಾರ್ನ್ ಬೇಡ. ಹಾರ್ನಿಗೆ ಜಿಂಕೆ ಯಾವ ಕಡೆ ಹಾರುತ್ತದೋ ಹೇಳಲಾಗದು, ಆನೆಗೆ ಅದು ಕೆಣಕುವಿಕೆ.

5. ದಾಟಿದ ಮೇಲೆ ಕಾಯಿರಿ. ಜಿಂಕೆ, ಹಂದಿ, ಕೆನ್ನಾಯಿ (ಸೀಳುನಾಯಿ), ಆನೆ ಒಂಟಿಯಾಗಿ ಬರುವುದು ಕಡಿಮೆ. ಮರಿಗಳು ಹಿಂದಿರುತ್ತವೆ. ತಾಯಿ ಆಚೆ ಬದಿಗೆ ಹೋಗಿ ತಿರುಗಿ ನೋಡುತ್ತಾ ನಿಂತಿದ್ದರೆ ಈಚೆ ಬದಿಯಲ್ಲಿ ಮರಿ ಇದೆ ಎಂದೇ ಅರ್ಥ. ಅದು ನೋಡುವುದನ್ನು ಬಿಟ್ಟು ಒಳಗೆ ಹೋಗುವ ತನಕ ಹೊರಡಬೇಡಿ. ಆ ಸಂಜೆ ನಾನು ತಪ್ಪಿದ್ದು ಈ ಐದನೆಯದರಲ್ಲಿ.

ಡಿಕ್ಕಿ ತಪ್ಪುವುದೇ ಇಲ್ಲ ಎಂಬಂತಾದರೆ, ಬ್ರೇಕು ಬಿಡದೆ, ಪ್ರಾಣಿಯ ಬಾಲದ ಕಡೆಗೆ ಗಾಡಿಯನ್ನು ಸ್ವಲ್ಪವೇ ವಾಲಿಸಿ. ಅದು ಮುಂದಕ್ಕೆ ಹೋಗುತ್ತಿರುತ್ತದೆ, ಹಿಂದೆ ಜಾಗ ತೆರೆಯುತ್ತದೆ. ಇದು ನಿಮ್ಮ ಪಥದೊಳಗೆ ಸಾಧ್ಯವಿದ್ದರೆ ಮಾತ್ರ. ಬೆಳೆದ ಗಂಡು ಕಾಟಿ ಒಂದು ಟನ್ನಿನ ಹತ್ತಿರ ತೂಗುತ್ತದೆ, ಅದಕ್ಕೆ ಗುದ್ದಿದರೆ ಸಣ್ಣ ಕಾರಿನೊಳಗಿರುವವರೂ ಉಳಿಯುವುದು ಕಷ್ಟ. ಕಡವೆಯ ಕಾಲಿಗೆ ಬಂಪರ್ ತಗುಲಿದರೆ ಅದರ ಮೈ ಗಾಜಿನ ಮೇಲೇ ಬೀಳುತ್ತದೆ.

## ಹಂತ 6: ಆನೆ ಎದುರಾದರೆ

ಆನೆಗೆ ಬೇರೆಯೇ ಹಂತ ಬೇಕು. ಇಲ್ಲಿ ಗಾಡಿಯ ವೇಗಕ್ಕಿಂತ ನಿಮ್ಮ ತಾಳ್ಮೆಯ ಪರೀಕ್ಷೆ.

ದೂರ: ಐದಾರು ಬಸ್ಸಿನಷ್ಟು ಉದ್ದ ಬಿಟ್ಟು ನಿಲ್ಲಿ, ಅಂದರೆ 50 ಮೀಟರಿಗೆ ಕಡಿಮೆ ಬೇಡ. ಎಂಜಿನ್ ಆರಿಸಬೇಡಿ, ರೇಸ್ ಮಾಡಲೂಬೇಡಿ. ಗಾಜು ಏರಿಸಿ, ಹಾಡು ನಿಲ್ಲಿಸಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಅವರು ಹಿಂದೆ ಬರಬೇಕಾದರೆ ಜಾಗ ಬೇಕು. ಕಾಡಿನ ರಸ್ತೆಯಲ್ಲಿ ಆನೆಗೆ ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೇ. ಮುಂದೆ ಆನೆ, ಹಿಂದೆ ಇಪ್ಪತ್ತು ಕಾರು, ನಡುವೆ ನೀವು.

ಈಗ ಅದನ್ನು ಓದಬೇಕು. ಕಿವಿ ಬೀಸುತ್ತಾ, ಬಾಲ ಆಡಿಸುತ್ತಾ, ಸೊಂಡಿಲಿನಲ್ಲಿ ಹುಲ್ಲು ಬಡಿದು ತಿನ್ನುತ್ತಿದ್ದರೆ ಸಮಾಧಾನದಲ್ಲಿದೆ. ಮೇಯುವುದು ನಿಲ್ಲಿಸಿ, ಬೀಸುತ್ತಿದ್ದ ಕಿವಿ ಅಗಲಿಸಿ ಅಲುಗಾಡದೆ ನಿಂತರೆ ನಿಮ್ಮನ್ನೇ ಗಮನಿಸುತ್ತಿದೆ. ತಲೆ ಕೊಡವುವುದು, ಮಣ್ಣು ಎರಚುವುದು, ಮುಂಗಾಲನ್ನು ತೂಗುವುದು, ಬಾಲ ಎತ್ತುವುದು ಎಂದರೆ "ಹೋಗು" ಎಂಬ ಸೂಚನೆ. ಹಿಂದೆ ಸರಿಯಬೇಕಾದ್ದು ಆಗಲೇ, ನೇರವಾಗಿ, ನಿಧಾನವಾಗಿ. ಕಿವಿ ಅಗಲಿಸಿ ಘೀಳಿಡುತ್ತಾ ನಾಲ್ಕು ಹೆಜ್ಜೆ ನುಗ್ಗಿ ನಿಂತರೆ ಅದು ಬಹುತೇಕ ಹೆದರಿಸಲು. ಕಿವಿಯನ್ನು ಹಿಂದಕ್ಕೆ ಅಂಟಿಸಿ, ಸೊಂಡಿಲನ್ನು ಒಳಕ್ಕೆ ಸುತ್ತಿ, ಸದ್ದಿಲ್ಲದೆ ಬಂದರೆ ನಿಜವಾದ ದಾಳಿ. ಮದವೇರಿದ ಗಂಡಾನೆಯ ಗುರುತು ಕಣ್ಣಿಗೂ ಕಿವಿಗೂ ನಡುವೆ ಕೆನ್ನೆಯ ಮೇಲೆ ಇಳಿಯುವ ಕಪ್ಪು ಒದ್ದೆ ಗೆರೆ. ಅದು ಕಂಡರೆ ಇನ್ನಷ್ಟು ದೂರ.

ತಾಯಿ ರಸ್ತೆಯ ಒಂದು ಬದಿ, ಮರಿ ಇನ್ನೊಂದು ಬದಿ ಇರುವಾಗ ನಡುವೆ ನುಗ್ಗುವುದಕ್ಕಿಂತ ದೊಡ್ಡ ತಪ್ಪಿಲ್ಲ. ಹಿಂಡು ದಾಟುತ್ತಿದ್ದರೆ ಎಣಿಸಿ, ಕೊನೆಯದು ಹೋದ ಮೇಲೂ ಎರಡು ನಿಮಿಷ ಕಾಯಿರಿ. ಬೈಕಿನವರು ಆನೆಯ ಪಕ್ಕದಲ್ಲಿ ಸುಯ್ಯೆಂದು ಹೋಗಿಬಿಡುವ ಸಾಹಸ ಬೇಡ. ತಿರುಗಿಸಿ ವಾಪಸು ಹೋಗಿ, ಬಸ್ಸೋ ಲಾರಿಯೋ ಬಂದ ಮೇಲೆ ಅದರ ಹಿಂದೆ ಬನ್ನಿ.

ಫೋಟೊ? ಗಾಡಿಯೊಳಗಿಂದಲೂ ಬೇಡ ಅನ್ನುತ್ತೇನೆ, ಓಡಿಸುವವರಂತೂ ಮುಟ್ಟಲೇಬಾರದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಫೋಟೊಗೆಂದು ಇಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು, ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು.

## ಹಂತ 7: ನಿಲ್ಲಿಸಬೇಡಿ, ಎಸೆಯಬೇಡಿ

ಇದು ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯದೊಳಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ನಿಮಗೆ ಅವಕಾಶ ಕೊಡುತ್ತದೆ, ರಸ್ತೆ ಬಿಟ್ಟು ಒಳಗೆ ಕಾಲಿಡಲು ಅಲ್ಲ. ಪ್ರಾಣಿಯನ್ನು ಕೆಣಕುವುದು, ಕಸ ಹಾಕುವುದು ಎರಡನ್ನೂ ಅದೇ ಕಲಂ ನಿಷೇಧಿಸಿದೆ.

ಆಗುಂಬೆ, ಚಾರ್ಮಾಡಿ ತಿರುವುಗಳಲ್ಲಿ ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯುವವರು ಪುಣ್ಯದ ಕೆಲಸ ಅಂತಲೇ ಮಾಡುತ್ತಾರೆ. ಆ ಮಂಗ ಮರುದಿನದಿಂದ ಗಾಡಿಯ ಸದ್ದು ಕೇಳಿದರೆ ರಸ್ತೆಗೆ ಓಡಿ ಬರುತ್ತದೆ. ಹತ್ತನೇ ಗಾಡಿಯ ಚಕ್ರಕ್ಕೆ ಅದರ ಮರಿ ಸಿಗುತ್ತದೆ. ಹಾಸನೂರು ಕಡೆಯ ರಸ್ತೆಯಲ್ಲಿ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳೂ ಹೀಗೇ ರೂಢಿಯಾದವು. ಕಬ್ಬು, ತರಕಾರಿ ಸಾಗಿಸುವವರು ತಾರ್ಪಾಲು ಬಿಗಿಯಾಗಿ ಕಟ್ಟಿ, ಆನೆಗೆಂದು ಒಂದು ಜಲ್ಲೆಯನ್ನೂ ಬೀಳಿಸಬೇಡಿ.

## ಹಂತ 8: ಡಿಕ್ಕಿಯಾಗಿಬಿಟ್ಟರೆ

ಓಡಿಹೋಗಬೇಡಿ. ಕೇಸಾಗುತ್ತದೆ ಎಂಬ ಭಯ ನನಗೂ ಇತ್ತು. ವಿಚಾರಣೆ ಆಗಬಹುದು, ಗಾಡಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬಹುದು. ಆದರೆ ಕಾಡಿನ ರಸ್ತೆಗೆ ಎರಡು ತುದಿಗಳಲ್ಲೂ ಗೇಟಿದೆ, ಮುರಿದ ಬಂಪರಿನ ತುಂಡು ಸ್ಥಳದಲ್ಲೇ ಬಿದ್ದಿರುತ್ತದೆ. ತಾನಾಗಿ ತಿಳಿಸಿದವರಿಗೂ ತಪ್ಪಿಸಿಕೊಂಡು ಸಿಕ್ಕಿಬಿದ್ದವರಿಗೂ ಅಧಿಕಾರಿಗಳು ಕೊಡುವ ಬೆಲೆ ಒಂದೇ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಬದುಕಿರುವ ಪ್ರಾಣಿಗೆ ನಿಮ್ಮ ಒಂದು ಕರೆಯೇ ಗತಿ.

ಮೊದಲು: ಗಾಡಿಯನ್ನು ಅಂಚಿಗೆ ತಂದು ಹಜಾರ್ಡ್ ಹಾಕಿ, ಗಾಜು ಏರಿಸಿಯೇ ಸುತ್ತ ನೋಡಿ. ಹಿಂಡು, ತಾಯಿ ಹತ್ತಿರದಲ್ಲಿರಬಹುದು. ಕಾಟಿ, ಆನೆ, ಹುಲಿ, ಚಿರತೆ, ಕರಡಿ, ಹಂದಿಗೆ ಗುದ್ದಿದ್ದರೆ ಬಾಗಿಲು ತೆಗೆಯಲೇಬೇಡಿ. ಎಚ್ಚರಿಕೆಯ ತ್ರಿಕೋನ ಇಡಲು ಹಿಂದೆ ಐವತ್ತು ಮೀಟರ್ ನಡೆಯುವುದು ಸಾಮಾನ್ಯ ಹೆದ್ದಾರಿಗೆ ಸರಿ, ಹುಲಿ ಕಾಡಿಗಲ್ಲ.

ಆಮೇಲೆ: 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹೊತ್ತು, ಪ್ರಾಣಿ ಬಿದ್ದಿರುವ ಬದಿ ಬರೆದುಕೊಂಡು ಹತ್ತಿರದ ಚೆಕ್‌ಪೋಸ್ಟಿಗೆ ಹೋಗಿ. ಬಂಡೀಪುರದಲ್ಲಿ ಮದ್ದೂರು, ಮೇಲುಕಾಮನಹಳ್ಳಿ, ನಾಗರಹೊಳೆಯಲ್ಲಿ ಆನೆಚೌಕೂರು ಗೇಟು. ಹೇಳುವಾಗ ಮೊದಲು ಜಾಗ, ಆಮೇಲೆ ಪ್ರಾಣಿ, ಆಮೇಲೆ ಅದು ಉಸಿರಾಡುತ್ತಿದೆಯೇ ಎಂಬುದು. ನಿಮ್ಮ ಕಥೆ ಕೊನೆಗೆ.

ಜಿಂಕೆಯಂಥದ್ದು ಬದುಕಿದ್ದರೆ: ದೂರ ನಿಂತು ಕಾಯಿರಿ. ಗಾಡಿಯ ದೀಪ ಅದರ ಕಣ್ಣಿಗೆ ಬೀಳದಂತೆ ಮಾಡಿ. ಸೇರುವ ಜನರನ್ನು ದೂರವಿಡಿ, ನಿಜವಾಗಿ ನಿಮ್ಮಿಂದಾಗುವ ದೊಡ್ಡ ಸಹಾಯ ಅದೇ. ನೀರು ಕುಡಿಸಬೇಡಿ, ಬಿದ್ದ ಪ್ರಾಣಿಯ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅರಿಶಿನ ಹಚ್ಚುವುದು, ಮೈ ಸವರುವುದು, ಎತ್ತಿ ಕೂರಿಸುವುದು ಬೇಡ. ಮನುಷ್ಯರ ಸ್ಪರ್ಶದ ಭಯಕ್ಕೇ ಜಿಂಕೆ ಜಾತಿಯವು ಸಾಯುವುದುಂಟು, ಮೇಲೆ ಗಾಯ ಚಿಕ್ಕದಾಗಿದ್ದರೂ. ಮರಿ ಸಿಕ್ಕಿದರೆ ಮನೆಗೆ ಒಯ್ಯಬೇಡಿ. ಗಾಯವಿಲ್ಲದ ಮರಿ ಪೊದೆಯಲ್ಲಿ ಒಂಟಿಯಾಗಿ ಕೂತಿದ್ದರೆ ತಾಯಿಯೇ ಅಲ್ಲಿ ಕೂರಿಸಿ ಮೇಯಲು ಹೋಗಿರುತ್ತದೆ.

ಸಣ್ಣ ಪ್ರಾಣಿ, ಹಕ್ಕಿ, ಕಾಡಿನ ಹೊರಗಿನ ರಸ್ತೆಯಲ್ಲಿ: ಇನ್ನೊಂದು ಗಾಡಿಗೆ ಸಿಗುವ ಹಾಗಿದ್ದರೆ ಕೈಗವಸು ಹಾಕಿ, ಬಟ್ಟೆಯನ್ನು ತಲೆ ಮುಚ್ಚುವಂತೆ ಹೊದೆಸಿ, ತೂತಿರುವ ಡಬ್ಬದಲ್ಲಿ ಕತ್ತಲೆ ಮಾಡಿ ಇಡಿ. ಇಲಾಖೆಯವರಿಗೆ ಹೇಳಿ, ಅವರು ಹೇಳಿದ ಕಡೆಗೆ ಮುಟ್ಟಿಸಿ. ಹಾವನ್ನು ಮಾತ್ರ ಮುಟ್ಟಬೇಡಿ, ಸತ್ತಂತೆ ಕಂಡರೂ. ಚಕ್ರ ಹರಿದ ಹಾವಿನ ತಲೆ ಆಮೇಲೂ ಕಚ್ಚುತ್ತದೆ. ಮಂಗ, ನರಿ, ಮುಂಗುಸಿ, ಪುನುಗು ಏನು ಕಚ್ಚಿದರೂ ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ಸತ್ತಿದ್ದರೆ: ತಪ್ಪಿನಿಂದ ಸತ್ತ ವನ್ಯಪ್ರಾಣಿಯೂ ಕಾಯ್ದೆಯ 39ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗೋ ವರದಿ ಕೊಡಬೇಕು. ಮಾಂಸಕ್ಕೆಂದು, ಕೊಂಬಿಗೆಂದು, ನವಿಲುಗರಿಗೆಂದು ಗಾಡಿಯೊಳಗೆ ಹಾಕಿಕೊಂಡರೆ ಅಪಘಾತ ಅಪರಾಧವಾಗುತ್ತದೆ. ಹೆಣವನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದೂ ಸರಿಯಲ್ಲ, ಅದನ್ನು ತಿನ್ನಲು ಬಂದ ನರಿ, ಹದ್ದು ಮುಂದಿನ ಗಾಡಿಗೆ ಸಿಗುತ್ತವೆ. ಸರಿಸಲು ಸಿಬ್ಬಂದಿಗೆ ಹೇಳಿ.

## ಹಂತ 9: ಮನೆಗೆ ಬಂದ ಮೇಲೆ

ಗಾಡಿ ತೊಳೆಯುವ ಮೊದಲು ಫೋಟೊ ತೆಗೆದಿಡಿ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಥರ್ಡ್ ಪಾರ್ಟಿ ಮಾತ್ರ ಇರುವ ಪಾಲಿಸಿಯಲ್ಲಿ ನಿಮ್ಮ ಗಾಡಿಯ ನಷ್ಟಕ್ಕೆ ಪರಿಹಾರ ಸಿಗದು, ಸಮಗ್ರ ಪಾಲಿಸಿ ಬೇಕು. ರೇಡಿಯೇಟರ್ ಸೋರುತ್ತಿದೆಯೇ ನೋಡಿ. ರಕ್ತ, ಕೂದಲು ತೊಳೆಯುವಾಗ ಕೈಗವಸು ಇರಲಿ.

ಇನ್ನೊಂದು ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಒಂದೇ ಜಾಗದಲ್ಲಿ ಎರಡು ಸಲ ಸತ್ತ ಪ್ರಾಣಿ ಕಂಡರೆ ಆ ವಲಯದ ಅರಣ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ, ರಸ್ತೆ ಯಾರದೋ ಆ ಇಲಾಖೆಗೂ ಒಂದು ಪ್ರತಿ ಕಳಿಸಿ. ಅದರಲ್ಲಿ ಇರಬೇಕಾದವು: ರಸ್ತೆಯ ಸಂಖ್ಯೆ, ಕಿಲೋಮೀಟರ್ ಕಲ್ಲು, ದಿನಾಂಕ, ಹೊತ್ತು, ಯಾವ ಪ್ರಾಣಿ, ಯಾವ ಬದಿಯಿಂದ ಬಂತು, ಹತ್ತಿರ ಕೆರೆಯಿದೆಯೇ, ತಿರುವು ಅಥವಾ ಲಂಟಾನದ ಪೊದೆ ನೋಟಕ್ಕೆ ಅಡ್ಡವಿದೆಯೇ, ಯಾರಾದರೂ ಹೋಟೆಲಿನ ಮುಸುರೆ ಅಲ್ಲಿ ಸುರಿಯುತ್ತಿದ್ದಾರೆಯೇ. ಏನು ಬೇಕೆಂದೂ ಬರೆಯಿರಿ: ಹಂಪೋ, ಫಲಕವೋ, ಪೊದೆ ಸವರುವುದೋ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಪ್ರತಿಯನ್ನು ಗಾಡಿಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಆ ಕಲ್ಲಿನ ಹತ್ತಿರ ಹೋದಾಗ ನಿಧಾನ ಮಾಡಿ, ಏನಾದರೂ ಬದಲಾಗಿದೆಯೇ ನೋಡಿ. ಬದಲಾಗಿಲ್ಲದಿದ್ದರೆ ಹಳೆಯ ಪ್ರತಿಯನ್ನು ಲಗತ್ತಿಸಿ ಇನ್ನೊಂದು ಬರೆಯಿರಿ.